ಮುಂದಿನ ಸಾಲಿಡ್ ಆಕ್ಸಲ್ ಅಗಲ ಬದಲಿಸುವುದು: ಯಾವುದು ಮೊದಲು, ಯಾವುದು ಆಮೇಲೆ

ಒಂದೊಂದು ಚಕ್ರವೂ ಬೇರೆ ಬೇರೆಯಾಗಿ ಕುಣಿಯುವ ಇಂಡಿಪೆಂಡೆಂಟ್ ಸಸ್ಪೆನ್ಷನ್ ಕಿತ್ತು, ಎರಡೂ ಚಕ್ರಗಳನ್ನು ಒಂದೇ ಗಟ್ಟಿ ತೊಲೆಯಲ್ಲಿ ಸೇರಿಸುವ ಸಾಲಿಡ್ ಆಕ್ಸಲ್ ಹಾಕುವವರು ಬೆಂಗಳೂರಲ್ಲಿ ಕಡಿಮೆ ಏನಿಲ್ಲ. ಬೇರೆ ಗಾಡಿಯಿಂದ ತಂದ ಆಕ್ಸಲ್‌ನ ಅಗಲ ಹೊಂದದಿದ್ದರೆ ಅದನ್ನು ಕತ್ತರಿಸಿ ಬದಲಿಸಲು ಹೊರಡುತ್ತಾರೆ. ಕೆಲಸ ಅರ್ಧಕ್ಕೆ ನಿಂತು, ತುಂಡಾದ ಹೌಸಿಂಗ್ (ಆಕ್ಸಲ್‌ನ ಹೊರಕವಚ) ಗ್ಯಾರೇಜಿನ ಮೂಲೆಯಲ್ಲಿ ಧೂಳು ತಿನ್ನುವುದೂ ಕಡಿಮೆ ಏನಿಲ್ಲ. ಬಹುತೇಕ ಕಡೆ ವೆಲ್ಡಿಂಗ್ ಕೆಟ್ಟಿರುವುದಿಲ್ಲ, ಸಾಮಾನೂ ಕಳಪೆ ಇರುವುದಿಲ್ಲ. ಕ್ರಮ ತಪ್ಪಿರುತ್ತದೆ. ಒಳಗೆ ತಿರುಗಿ ಚಕ್ರ ಓಡಿಸುವ ಶಾಫ್ಟ್ ಎಲ್ಲಿಂದ ಬರುತ್ತದೆ ಅಂತ ಗೊತ್ತಿಲ್ಲದೆ ಹೌಸಿಂಗಿನ ಟ್ಯೂಬ್ ಕತ್ತರಿಸಿರುತ್ತಾರೆ, ಇಲ್ಲವೇ ಪಿನಿಯನ್ (ಪ್ರೊಪೆಲ್ಲರ್ ಶಾಫ್ಟ್ ಬಂದು ಸೇರುವ ಗೇರ್) ಕೋನ ನೋಡದೆ ತುದಿಯ ‘ಸಿ’ ವೆಲ್ಡ್ ಮಾಡಿರುತ್ತಾರೆ. ಎರಡರಲ್ಲಿ ಯಾವುದಾದರೂ ಒಂದು ಆಗಿಯೇ ಆಗಿರುತ್ತದೆ. ಹಾಗಾಗಿ ಇಲ್ಲಿ ಕ್ರಮಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

‘ಸಿ’ ಅಂದರೆ ಟ್ಯೂಬಿನ ತುದಿಯಲ್ಲಿ ಸ್ಟೀರಿಂಗ್ ನಕಲ್ (ಸ್ಟೀರಿಂಗ್ ತಿರುಗಿಸಿದಾಗ ಚಕ್ರದ ಜೊತೆ ತಿರುಗುವ ತುಂಡು) ಹಿಡಿದುಕೊಳ್ಳುವ ಭಾಗ. ಹಳೆಯ ಜಿಪ್ಸಿ ತರಹದ ಮುಚ್ಚಿದ ನಕಲ್‌ಗಳಲ್ಲಿ ಅದೇ ಜಾಗದಲ್ಲಿ ದೊಡ್ಡ ಬಾಲ್ ಇರುತ್ತದೆ. ಆಕಾರ ಬೇರೆ, ಕೆಲಸ ಒಂದೇ. ಮುಂದೆ ಎಲ್ಲ ಕಡೆ ‘ಸಿ’ ಅಂತಲೇ ಬರೆಯುತ್ತೇನೆ.

## ಗ್ರೈಂಡರ್ ಎತ್ತುವ ಮುಂಚೆ ಕಾನೂನು

ಇದನ್ನು ಓದದೆ ಮುಂದೆ ಹಾರಬೇಡಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಸೆಕ್ಷನ್ ಪ್ರಕಾರ ಮಾಲೀಕರಿಗೆ 6 ತಿಂಗಳವರೆಗೆ ಜೈಲು, ಅಥವಾ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಇನ್ಶೂರೆನ್ಸ್ ಕ್ಲೇಮ್ ಆಸೆ ಬಿಟ್ಟುಬಿಡಿ.

ಅಂದರೆ ಇದು ರಸ್ತೆಗೆ ಇಳಿಸುವ ಗಾಡಿಯ ಕೆಲಸ ಅಲ್ಲ. ಖಾಸಗಿ ಜಾಗದಲ್ಲಿ, ಆಫ್‌ರೋಡ್ ಸ್ಪರ್ಧೆಯಲ್ಲಿ ಓಡಿಸಲು ಅಂತಲೇ ಇಟ್ಟುಕೊಂಡ, ಫ್ಲ್ಯಾಟ್‌ಬೆಡ್ ಮೇಲೆ ಹೋಗಿ ಬರುವ ಗಾಡಿಯ ಕೆಲಸ. ದಿನಾ ಸಿಲ್ಕ್ ಬೋರ್ಡ್ ದಾಟುವ ಗಾಡಿ ನಿಮ್ಮದಾದರೆ ಇಲ್ಲಿಗೇ ನಿಲ್ಲಿಸಿ.

## ಏನೇನು ಬೇಕು

ಗ್ರೈಂಡರ್, ವೆಲ್ಡಿಂಗ್ ಮೆಷಿನ್, ಜ್ಯಾಕ್ ಎಲ್ಲರ ಹತ್ತಿರವೂ ಇರುತ್ತದೆ. ಇಲ್ಲದಿರುವುದು ಅಳೆಯುವ ಸಾಮಾನು. ಆಯಸ್ಕಾಂತ ಇರುವ ಡಿಜಿಟಲ್ ಆ್ಯಂಗಲ್ ಗೇಜ್, ಉದ್ದದ ವರ್ನಿಯರ್, ಒಳ್ಳೆ ಸ್ಟೀಲ್ ಟೇಪ್, ಮೂಲೆಮಟ್ಟ, ತೂಗುಗುಂಡು, ಸೆಂಟರ್ ಪಂಚ್, ಡಯಲ್ ಗೇಜ್ ಬೇಕು. ಎಸ್.ಪಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ಎಲ್ಲ ಸಿಗುತ್ತದೆ. ಜ್ಯಾಕ್ ಸ್ಟ್ಯಾಂಡ್ ನಾಲ್ಕು ಇರಲೇಬೇಕು. ಹೈಡ್ರಾಲಿಕ್ ಜ್ಯಾಕ್ ನಂಬಿ, ಇಟ್ಟಿಗೆ ಕೊಟ್ಟು ಗಾಡಿ ಕೆಳಗೆ ಮಲಗಬೇಡಿ.

ಇನ್ನು ಅಂಗಡಿಯಲ್ಲಿ ಸಿಗದ, ಮಾಡಿಸಲೇಬೇಕಾದ ಒಂದು ಸಾಮಾನಿದೆ. ಅಲೈನ್‌ಮೆಂಟ್ ಬಾರ್. ಆಕ್ಸಲ್‌ಗಿಂತ ಉದ್ದದ, ಬಗ್ಗದ, ನೆಟ್ಟಗಿರುವ ಸುಮಾರು 38 ಮಿ.ಮೀ ದಪ್ಪದ ಗ್ರೌಂಡ್ ರಾಡ್ ತನ್ನಿ. ಅದರ ಮೇಲೆ ಜಾರುವ ನಾಲ್ಕು ಬಿಲ್ಲೆಗಳನ್ನು ಲೇತ್‌ನಲ್ಲಿ ತಿರುಗಿಸಿಕೊಳ್ಳಿ. ಎರಡು ಬಿಲ್ಲೆ ಡಿಫರೆನ್ಷಿಯಲ್ (ಎರಡೂ ಚಕ್ರಕ್ಕೆ ಶಕ್ತಿ ಹಂಚುವ ಗೇರ್ ಗುಂಪು) ಬೇರಿಂಗ್ ಕೂರುವ ಬೋರ್‌ಗೆ, ಎರಡು ‘ಸಿ’ಯ ಒಳ ಬೋರ್‌ಗೆ. ಪೀಣ್ಯದ ಯಾವ ಲೇತ್ ಶಾಪ್ ಆದರೂ ಮಾಡಿಕೊಡುತ್ತದೆ, ಆದರೆ ಬೋರ್ ಅಳತೆ ಬಾಯಲ್ಲಿ ಹೇಳಬೇಡಿ, ಹೌಸಿಂಗನ್ನೇ ಹೊತ್ತುಕೊಂಡು ಹೋಗಿ ತೋರಿಸಿ. ಈ ಬಾರ್‌ಗೆ ದುಡ್ಡು ದಂಡ ಅನ್ನುವವರ ಗಾಡಿಯಲ್ಲೇ ಆಯಿಲ್ ಸೀಲ್ ಪದೇ ಪದೇ ಹೋಗುವುದು.

## ಹಂತ 1: ಅಗಲ ನಿರ್ಧಾರ ಮಾಡಿ (ಕತ್ತರಿಸುವುದೇ ಬೇಡವೇನೋ, ಅದನ್ನೂ ನೋಡಿ)

ಅಳೆಯಬೇಕಾದದ್ದು ಟೈರಿನ ಹೊರಗಿನಿಂದ ಹೊರಕ್ಕೆ ಅಲ್ಲ. ಡಿಸ್ಕ್ (ಟೈರ್ ಕೂರುವ ರಿಮ್, ಬ್ರೇಕಿನದಲ್ಲ) ತೆಗೆದು, ಚಕ್ರ ಕೂರುವ ಮುಖದಿಂದ ಆ ಕಡೆಯ ಮುಖದವರೆಗೆ ಅಳೆಯಿರಿ. ಹಿಂದಿನ ಆಕ್ಸಲ್‌ಗೂ ಇದೇ ಅಳತೆ ತೆಗೆಯಿರಿ. ವ್ಯತ್ಯಾಸ ಎಷ್ಟು ಅಂತ ಬರೆದುಕೊಳ್ಳಿ.

ಆಮೇಲೆ ಡಿಸ್ಕ್‌ನ ಆಫ್‌ಸೆಟ್ ಲೆಕ್ಕ, ಅಂದರೆ ಡಿಸ್ಕಿನ ಮಧ್ಯಗೆರೆಯಿಂದ ಅದು ಹಬ್‌ಗೆ ಕೂರುವ ಮುಖ ಎಷ್ಟು ದೂರ ಅನ್ನುವುದು. ಪಾಸಿಟಿವ್ ಆಫ್‌ಸೆಟ್ ಜಾಸ್ತಿ ಆದಷ್ಟೂ ಚಕ್ರ ಒಳಕ್ಕೆ ಹೋಗುತ್ತದೆ. ಉದಾಹರಣೆಗೆ, ಮುಂದಿನ ಆಕ್ಸಲ್ ಹಿಂದಿನದಕ್ಕಿಂತ 40 ಮಿ.ಮೀ ಅಗಲ ಇದೆ ಅಂದುಕೊಳ್ಳಿ. ಮುಂದೆ 20 ಮಿ.ಮೀ ಆಫ್‌ಸೆಟ್, ಹಿಂದೆ ಸೊನ್ನೆ ಆಫ್‌ಸೆಟ್ ಡಿಸ್ಕ್ ಹಾಕಿದರೆ ಎರಡೂ ಸಮ, ಏನನ್ನೂ ಕತ್ತರಿಸಬೇಕಿಲ್ಲ. ಸ್ಟೆಪ್ನಿ ಒಂದು ಕಡೆಗೆ ಮಾತ್ರ ಸರಿಹೋಗುತ್ತದೆ, ಅಷ್ಟೇ ತೊಂದರೆ.

ಕಂಪನಿಯೇ ಮಾಡಿದ ಬೇರೆ ಅಗಲದ ಆಕ್ಸಲ್ ಇದೆಯಾ ಅಂತಲೂ ನೋಡಿ. ಮಾರುತಿ ಜಿಪ್ಸಿಯಲ್ಲೇ ಎರಡು ಅಗಲ ಇದ್ದವು: ಮೊದಲಿನ ಎಂಜಿ410ರ ಮುಂದಿನ ಟ್ರ್ಯಾಕ್ 1210 ಮಿ.ಮೀ, ಆಮೇಲಿನ ಅಗಲದ ಮಾದರಿಯಲ್ಲಿ 1300 ಮಿ.ಮೀ. ಬರೀ 90 ಮಿ.ಮೀ ಬೇಕು ಅಂತ ಜಿಪ್ಸಿ ಟ್ಯೂಬ್ ಕತ್ತರಿಸಿ ಉದ್ದ ಮಾಡಲು ಹೊರಟವರು ಶಿವಾಜಿನಗರದ ಗುಜರಿಯಲ್ಲಿ ಒಂದು ಬೆಳಗ್ಗೆ ಕಳೆದಿದ್ದರೆ ಸಾಕಿತ್ತು. ಇನ್ನೊಂದು ಮಾತು, ಅದೇ ಅಗಲದ ಜಿಪ್ಸಿಯ ಹಿಂದಿನ ಟ್ರ್ಯಾಕ್ 1310. ಹಿಂದೆ ಮುಂದೆ ಮಿಲಿಮೀಟರಿಗೆ ಸರಿಯಾಗಿ ಒಂದೇ ಇರಬೇಕು ಅಂತ ಕಂಪನಿಯವರೇ ಹಟ ಹಿಡಿದಿಲ್ಲ. ಒಂದಿಂಚಿನ ಒಳಗಿನ ವ್ಯತ್ಯಾಸಕ್ಕೆ ನಾನಂತೂ ಗ್ರೈಂಡರ್ ಎತ್ತುವುದಿಲ್ಲ.

ಕೊನೆಗೆ, ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟೈರಿಗೂ ಸ್ಪ್ರಿಂಗಿಗೂ ಎಷ್ಟು ಜಾಗ ಉಳಿಯುತ್ತದೆ ಅಂತ ನೋಡಿ. ಅಗಲ ಕಡಿಮೆ ಮಾಡಿದರೆ ಮೊದಲು ಹೋಗುವುದು ಈ ಜಾಗ.

## ಹಂತ 2: ಶಾಫ್ಟ್ ಕೈಗೆ ಬರಲಿ, ಆಮೇಲೆ ಟ್ಯೂಬ್

ಈ ಒಂದು ಹಂತ ಸರಿಯಾದರೆ ಉಳಿದದ್ದು ತಾನಾಗಿ ಸರಿಹೋಗುತ್ತದೆ. ಟ್ಯೂಬ್ ಬೇಕಾದ ಉದ್ದಕ್ಕೆ ಬರುತ್ತದೆ. ಶಾಫ್ಟ್ ಬರುವುದಿಲ್ಲ. ಹಾಗಾಗಿ ಶಾಫ್ಟ್ ಸಿಗುವ ಉದ್ದಕ್ಕೆ ಟ್ಯೂಬ್ ಹೊಂದಿಸಬೇಕು.

ಮುಂದಿನ ಆಕ್ಸಲ್‌ನಲ್ಲಿ ಡಿಫರೆನ್ಷಿಯಲ್ ಸಾಮಾನ್ಯವಾಗಿ ಮಧ್ಯದಲ್ಲಿ ಇರುವುದಿಲ್ಲ, ಟ್ರಾನ್ಸ್‌ಫರ್ ಕೇಸಿನ (ಎಂಜಿನ್ ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಪೆಟ್ಟಿಗೆ) ಮುಂದಿನ ಔಟ್‌ಪುಟ್ ಇರುವ ಕಡೆಗೆ ಸರಿದಿರುತ್ತದೆ. ಒಂದು ಟ್ಯೂಬ್ ಉದ್ದ, ಒಂದು ಗಿಡ್ಡ. ಅಗಲ ಕಡಿಮೆ ಮಾಡುವವರು ಉದ್ದದ ಕಡೆ ಕತ್ತರಿಸುವುದೇ ರೂಢಿ. ಎರಡೂ ಕಡೆ ಸಮ ಸಮ ಕತ್ತರಿಸಿದರೆ ಎರಡು ಶಾಫ್ಟ್ ಮಾಡಿಸಬೇಕು, ಸುಮ್ನೆ ಖರ್ಚು. ಆದರೆ ಒಂದೇ ಕಡೆ ಕತ್ತರಿಸಿದಾಗ ಗಾಡಿಯ ಮಧ್ಯಗೆರೆಗೆ ಹೋಲಿಸಿದರೆ ಡಿಫರೆನ್ಷಿಯಲ್ ಕತ್ತರಿಸಿದ್ದರ ಅರ್ಧದಷ್ಟು ಉದ್ದದ ಕಡೆಗೆ ಸರಿಯುತ್ತದೆ. 80 ಮಿ.ಮೀ ತೆಗೆದರೆ 40 ಮಿ.ಮೀ. ಅದು ಎಂಜಿನ್ ಸಂಪ್‌ಗೆ ತಾಗುತ್ತದಾ, ಪ್ರೊಪೆಲ್ಲರ್ ಶಾಫ್ಟ್ ಓರೆಯಾಗುತ್ತದಾ ಅಂತ ಗಾಡಿ ಕೆಳಗೆ ಹೋಗಿ ನೋಡಿ.

ಶಾಫ್ಟ್‌ಗೆ ಮೂರು ದಾರಿ.

ಮೊದಲನೆಯದು, ಅದೇ ಸ್ಪ್ಲೈನ್ (ಶಾಫ್ಟ್ ತುದಿಯಲ್ಲಿ ಉದ್ದಕ್ಕೆ ಕೊರೆದ ಹಲ್ಲು) ಇರುವ ಗಿಡ್ಡ ಶಾಫ್ಟ್ ಬೇರೆ ಮಾದರಿಯಿಂದ ಹುಡುಕುವುದು. ಜೆ.ಸಿ. ರಸ್ತೆಯಲ್ಲಿ ಹೊಸದು, ಶಿವಾಜಿನಗರದಲ್ಲಿ ಹಳೆಯದು. ಸಿಕ್ಕರೆ ಇದಕ್ಕಿಂತ ಒಳ್ಳೆಯದಿಲ್ಲ, ಹಾಳಾದಾಗ ಇನ್ನೊಂದೂ ಸಿಗುತ್ತದೆ.

ಎರಡನೆಯದು, ಇರುವ ಶಾಫ್ಟ್ ಕತ್ತರಿಸಿ ಹೊಸ ಸ್ಪ್ಲೈನ್ ಹೊಡೆಸುವುದು. ಇಲ್ಲಿ ಒಂದು ಗುಂಡಿ ಇದೆ. ಎಷ್ಟೋ ಶಾಫ್ಟ್‌ಗಳು ಸ್ಪ್ಲೈನ್ ಮುಗಿದ ಮೇಲೆ ಸಣ್ಣಗಾಗುತ್ತವೆ. ನೀವು ಎಲ್ಲಿಗೆ ಕತ್ತರಿಸುತ್ತೀರೋ ಅಲ್ಲಿ ಸ್ಪ್ಲೈನ್ ಹೊಡೆಯುವಷ್ಟು ದಪ್ಪ ಇದೆಯಾ ಅಂತ ವರ್ನಿಯರ್ ಇಟ್ಟು ನೋಡಿ. ಇಲ್ಲದಿದ್ದರೆ ಈ ದಾರಿ ಮುಚ್ಚಿತು.

ಮೂರನೆಯದು, ಇಎನ್24 ಸ್ಟೀಲ್‌ನಲ್ಲಿ ಹೊಸದಾಗಿ ಮಾಡಿಸುವುದು. ಸ್ಪ್ಲೈನ್ ಹೊಡೆಯುವವರಿಗೆ ಹಳೆಯ ಶಾಫ್ಟ್ ಜೊತೆ ಡಿಫರೆನ್ಷಿಯಲ್ ಒಳಗಿನ ಸೈಡ್ ಗೇರನ್ನೂ ಕೊಡಿ. ಹಲ್ಲಿನ ಸಂಖ್ಯೆ ಒಂದೇ ಇದ್ದರೂ ಕೋನ ಬೇರೆ ಇರಬಹುದು. ಗೇರ್ ಕೈಯಲ್ಲಿದ್ದರೆ ಅವರೇ ಕೂರಿಸಿ ನೋಡಿ ಕೊಡುತ್ತಾರೆ. ಹೀಟ್ ಟ್ರೀಟ್‌ಮೆಂಟ್ ಯಾರು ಮಾಡಿಸುತ್ತಾರೆ ಅಂತ ಮೊದಲೇ ಕೇಳಿಕೊಳ್ಳಿ, ಅದಿಲ್ಲದ ಶಾಫ್ಟ್ ಮೊದಲ ಬಂಡೆಗೇ ತಿರುಚಿಕೊಳ್ಳುತ್ತದೆ. ಆಯುಧಪೂಜೆಯ ವಾರದಲ್ಲಿ ಪೀಣ್ಯಕ್ಕೆ ಕೆಲಸ ಕೊಟ್ಟು ಫೋನ್ ಮಾಡಿ ಮಾಡಿ ಸಾಯಬೇಡಿ, ಅಲ್ವಾ?

ಎರಡು ತುಂಡು ಶಾಫ್ಟ್ ಸೇರಿಸಿ ವೆಲ್ಡ್ ಮಾಡಿಕೊಡುತ್ತೇವೆ ಅನ್ನುವವರೂ ಸಿಗುತ್ತಾರೆ. ಬೇಡ. ಗಟ್ಟಿ ಮಾಡಿದ ಸ್ಟೀಲ್ ವೆಲ್ಡ್ ಬದಿಯಲ್ಲಿ ಬಿರುಸಾಗಿ, ಲೋಡ್ ಬಿದ್ದಾಗ ಪಟ್ ಅಂತ ಹೋಗುತ್ತದೆ.

## ಹಂತ 3: ಬಿಚ್ಚುವುದು

ಆಯಿಲ್ ಇಳಿಸಿ. ಹಬ್, ಸ್ಟಬ್, ನಕಲ್, ಶಾಫ್ಟ್, ಕೊನೆಗೆ ಡಿಫರೆನ್ಷಿಯಲ್ ಪೂರ್ತಿ ಹೊರಗೆ. ಬೇರಿಂಗ್ ಕ್ಯಾಪ್‌ಗಳಿಗೆ ಎಡ ಬಲ, ಮೇಲೆ ಕೆಳಗೆ ಗುರುತು ಹಾಕಿ, ಶಿಮ್‌ಗಳನ್ನು (ಸಂದು ಹೊಂದಿಸುವ ತೆಳು ಬಿಲ್ಲೆಗಳು) ಕಡೆಯ ಪ್ರಕಾರ ಬೇರೆ ಬೇರೆ ಕವರಿನಲ್ಲಿಡಿ. ಡಿಫರೆನ್ಷಿಯಲ್ ಒಳಗೇ ಬಿಟ್ಟು ವೆಲ್ಡ್ ಮಾಡುವವರಿದ್ದಾರೆ. ವೆಲ್ಡಿಂಗ್ ಕರೆಂಟ್ ಬೇರಿಂಗ್ ಮೂಲಕ ಹರಿದರೆ ರೋಲರ್ ಮೇಲೆ ಸಣ್ಣ ಸಣ್ಣ ಗುಳಿ ಬೀಳುತ್ತವೆ, ಆಮೇಲೆ ಗುಂಯ್ ಅನ್ನುವ ಶಬ್ದ ಎಲ್ಲಿಂದ ಅಂತ ಹುಡುಕುತ್ತಾ ಕೂರಬೇಕು.

ಒಳಗೆಲ್ಲ ಡಿಗ್ರೀಸರ್ ಹಾಕಿ, ನೀರಲ್ಲಿ ತೊಳೆದು, ಒಣಗಿಸಿ. ಪೆಟ್ರೋಲ್‌ನಲ್ಲಿ ತೊಳೆದು ಹಾಗೇ ವೆಲ್ಡ್ ಮಾಡಬೇಡಿ, ಟ್ಯೂಬ್ ಒಳಗೆ ಆವಿ ನಿಂತಿರುತ್ತದೆ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಇನ್ನೂ ಕೆಟ್ಟದ್ದು, ವೆಲ್ಡ್ ಶಾಖಕ್ಕೆ ವಿಷದ ಗಾಳಿ ಬರುತ್ತದೆ.

## ಹಂತ 4: ಗುರುತು

ಕತ್ತರಿಸಿದ ಮೇಲೆ ‘ಮೊದಲು ಹೇಗಿತ್ತು’ ಅಂತ ಕೇಳಿದರೆ ಉತ್ತರ ಹೇಳಲು ಏನೂ ಉಳಿದಿರುವುದಿಲ್ಲ. ಹಾಗಾಗಿ ಹೌಸಿಂಗನ್ನು ಸ್ಟ್ಯಾಂಡ್ ಮೇಲೆ ಕೂರಿಸಿ, ಪಿನಿಯನ್ ಫ್ಲ್ಯಾಂಜ್ ಮೇಲೆ ಗೇಜ್ ಇಟ್ಟು ಕೋನ ಬರೆದುಕೊಳ್ಳಿ. ‘ಸಿ’ಯ ಮೇಲಿನ ಕೆಳಗಿನ ತೂತುಗಳ ಮೂಲಕ ಒಂದು ನೆಟ್ಟನೆಯ ಪಿನ್ ತೂರಿಸಿ, ಅದರ ಮೇಲೆ ಗೇಜ್ ಇಟ್ಟು ಎಡದ್ದು, ಬಲದ್ದು ಬೇರೆ ಬೇರೆ ಬರೆದುಕೊಳ್ಳಿ. ಬೇರಿಂಗ್ ಬೋರ್ ಮುಖದಿಂದ ‘ಸಿ’ಯ ಮುಖದವರೆಗಿನ ಅಳತೆ ಬೇಕು. ಟ್ಯೂಬ್ ‘ಸಿ’ ಒಳಗೆ ಎಷ್ಟು ಮಿಲಿಮೀಟರ್ ಹೋಗಿದೆ ಅನ್ನುವುದೂ ಬೇಕು. ಫೋಟೋ ತೆಗೆಯಿರಿ, ಆದರೆ ಅಂಕಿಗಳನ್ನು ಪುಸ್ತಕದಲ್ಲೇ ಬರೆಯಿರಿ.

ಟ್ಯೂಬ್ ಮೇಲೆ ಉದ್ದಕ್ಕೆ, ‘ಸಿ’ಯನ್ನೂ ದಾಟುವ ಹಾಗೆ ಒಂದು ಗೆರೆ ಕೆರೆದು, ಮೂರು ನಾಲ್ಕು ಕಡೆ ಪಂಚ್ ಹೊಡೆಯಿರಿ. ಚಾಕ್‌ಪೀಸ್ ಗೆರೆ ಗ್ರೈಂಡರ್ ಧೂಳಿಗೆ ಅಳಿಸಿಹೋಗುತ್ತದೆ. ಬ್ರೀದರ್ (ಹೌಸಿಂಗ್ ಒಳಗಿನ ಗಾಳಿ ಹೊರಬಿಡುವ ತೂತು) ಎಲ್ಲಿದೆ ನೋಡಿ. ಕತ್ತರಿಸುವ ಭಾಗದಲ್ಲೇ ಇದ್ದರೆ ಹೊಸ ಜಾಗ ಈಗಲೇ ಯೋಚಿಸಿ.

## ಹಂತ 5: ಕತ್ತರಿಸುವುದು

ಟ್ಯೂಬನ್ನು ಮಧ್ಯದಲ್ಲಿ ಕತ್ತರಿಸಿ ಮತ್ತೆ ಸೇರಿಸುವುದು ಸುಲಭ ಅನ್ನಿಸುತ್ತದೆ. ಆದರೆ ಅತಿ ಜಾಸ್ತಿ ಲೋಡ್ ಬೀಳುವ ಕಡೆ ಒಂದು ಬಟ್ ವೆಲ್ಡ್ ಉಳಿದುಹೋಗುತ್ತದೆ. ಸರಿಯಾದ ದಾರಿ ‘ಸಿ’ ಬಿಚ್ಚುವುದು. ಅದರ ಹಳೆಯ ವೆಲ್ಡನ್ನು ಗ್ರೈಂಡರಿನಿಂದ ಸ್ವಲ್ಪ ಸ್ವಲ್ಪವೇ ತಿನ್ನಿಸಿ. ಟ್ಯೂಬಿಗೂ ‘ಸಿ’ಗೂ ನಡುವೆ ಕೂದಲೆಳೆಯಷ್ಟು ಕಪ್ಪು ಗೆರೆ ಸುತ್ತಲೂ ಕಂಡಾಗ ನಿಲ್ಲಿಸಿ. ಅದೇ ಜೋಡಣೆಯ ಗೆರೆ. ಅದಕ್ಕಿಂತ ಆಳಕ್ಕೆ ಹೋದರೆ ‘ಸಿ’ ತಿನ್ನುತ್ತಿದ್ದೀರಿ ಅಂತ ಅರ್ಥ. ಈಗ ‘ಸಿ’ಯನ್ನು ಸುತ್ತಲೂ ಬಿಸಿ ಮಾಡಿ ಸುತ್ತಿಗೆಯಿಂದ ಹೊಡೆದರೆ ಹೊರಗೆ ಬರುತ್ತದೆ.

ಟ್ಯೂಬ್ ಕತ್ತರಿಸುವಾಗ ಬೇಕಾದ್ದಕ್ಕಿಂತ 2 ಮಿ.ಮೀ ಉದ್ದ ಬಿಡಿ. ಸುತ್ತಲೂ ಒಂದು ಪೇಪರ್ ಪಟ್ಟಿ ಸುತ್ತಿ, ಅದರ ಅಂಚಿಗೆ ಗೆರೆ ಹಾಕಿದರೆ ನೇರ ಬರುತ್ತದೆ. ದೊಡ್ಡ ಬೆಡ್ಡಿನ ಲೇತ್ ಸಿಕ್ಕರೆ ತುದಿಯನ್ನು ಅಲ್ಲೇ ಫೇಸ್ ಮಾಡಿಸಿ, ಸಿಗದಿದ್ದರೆ ಮೂಲೆಮಟ್ಟ ಇಟ್ಟು ಅರದಿಂದ ತೀಡಿ. ಗ್ಯಾಸ್ ಕಟಿಂಗ್ ಬೇಡ.

ಅಗಲ ಜಾಸ್ತಿ ಮಾಡುವವರು ಅದೇ ಹೊರವ್ಯಾಸದ, ಅಷ್ಟೇ ದಪ್ಪದ ಹೊಸ ಸೀಮ್‌ಲೆಸ್ ಟ್ಯೂಬ್ ಡಿಫರೆನ್ಷಿಯಲ್ ಎರಕದಿಂದಲೇ ಹಾಕಬೇಕು. ಒಳಗೆ ಸ್ಲೀವ್ ಕೊಟ್ಟು ಉದ್ದ ಮಾಡಿದರೆ ಶಾಫ್ಟ್ ತಿರುಗಲು ಜಾಗ ಉಳಿಯುತ್ತದಾ ಅಂತ ಮೊದಲು ಅಳೆಯಿರಿ. ಬಹಳ ಸಲ ಉಳಿಯುವುದಿಲ್ಲ.

## ಹಂತ 6: ಪಿನಿಯನ್ ಮೊದಲು, ಕ್ಯಾಸ್ಟರ್ ಆಮೇಲೆ

ಎಲ್ಲರೂ ಸೋಲುವ ಇನ್ನೊಂದು ಜಾಗ ಇದು. ‘ಸಿ’ ವೆಲ್ಡ್ ಆದ ಮೇಲೆ ಪಿನಿಯನ್ ಕೋನಕ್ಕೂ ಕ್ಯಾಸ್ಟರ್‌ಗೂ (ನಕಲ್ ತಿರುಗುವ ಗೆರೆ ಹಿಂದಕ್ಕೆ ವಾಲಿರುವ ಕೋನ) ಗಂಟು ಬಿದ್ದ ಹಾಗೆ. ಪಿನಿಯನ್ 4 ಡಿಗ್ರಿ ಮೇಲೆತ್ತಿದರೆ ಕ್ಯಾಸ್ಟರ್ 4 ಡಿಗ್ರಿ ಕಡಿಮೆ ಆಗುತ್ತದೆ. ಗಾಡಿ ಎತ್ತರ ಮಾಡಿದವರಿಗೆ ಪಿನಿಯನ್ ಮೇಲಕ್ಕೆ ಬೇಕು, ಸ್ಟೀರಿಂಗ್ ನೆಟ್ಟಗೆ ಹೋಗಲು ಕ್ಯಾಸ್ಟರ್ ಬೇಕು. ಎರಡೂ ಸಿಗುವುದು ‘ಸಿ’ ಸಡಿಲ ಇರುವ ಈಗ ಮಾತ್ರ.

1. ‘ಸಿ’ಗಳನ್ನು ಬಿಸಿ ಮಾಡಿ ಟ್ಯೂಬಿಗೆ ಏರಿಸಿ, ವೆಲ್ಡ್ ಬೇಡ. ಒಂದೇ ಕಡೆ ಕತ್ತರಿಸಿದ್ದರೂ ಕ್ಯಾಸ್ಟರ್ ಬದಲಿಸಬೇಕಾದರೆ ಇನ್ನೊಂದು ಕಡೆಯ ‘ಸಿ’ಯನ್ನೂ ಬಿಚ್ಚಿಕೊಳ್ಳಲೇಬೇಕು.

2. ಹೌಸಿಂಗನ್ನು ಗಾಡಿ ಕೆಳಗೆ, ಸ್ಪ್ರಿಂಗ್ ಮೇಲೆ ಕೂರಿಸಿ. ಎಂಜಿನ್, ಬಂಪರ್, ವಿಂಚ್ ಎಲ್ಲ ಗಾಡಿಯಲ್ಲೇ ಇರಬೇಕು, ಪೂರ್ತಿ ಭಾರ ಸ್ಪ್ರಿಂಗ್ ಮೇಲೆ ಇರಬೇಕು. ಖಾಲಿ ಚಾಸಿ ಇಟ್ಟು ತೆಗೆದ ಕೋನ ಯಾವುದಕ್ಕೂ ಬಾರದು.

3. ಆಕ್ಸಲ್ ಚೌಕವಾಗಿ ಕೂತಿದೆಯಾ ಅಂತ ಚಾಸಿಯಿಂದ ತೂಗುಗುಂಡು ಬಿಟ್ಟು, ನೆಲದ ಮೇಲೆ ಗುರುತು ಹಾಕಿ, ಮೂಲೆಯಿಂದ ಮೂಲೆಗೆ ಅಳೆಯಿರಿ.

4. ಪಿನಿಯನ್ ಕೋನ ಕೂರಿಸಿ. ಪ್ರೊಪೆಲ್ಲರ್‌ಗೆ ಎರಡೇ ಕ್ರಾಸ್ (ಯೂನಿವರ್ಸಲ್ ಜಾಯಿಂಟ್), ತುದಿಗೊಂದರ ಹಾಗೆ ಇದ್ದರೆ ಪಿನಿಯನ್ ಮತ್ತು ಟ್ರಾನ್ಸ್‌ಫರ್ ಕೇಸ್ ಔಟ್‌ಪುಟ್ ಒಂದಕ್ಕೊಂದು ಸಮಾನಾಂತರ ಇರಬೇಕು. ಟ್ರಾನ್ಸ್‌ಫರ್ ಕೇಸ್ ತುದಿಯಲ್ಲಿ ಎರಡು ಕ್ರಾಸ್ ಒಟ್ಟಿಗೆ ಸೇರಿಸಿದ ಡಬಲ್ ಕ್ರಾಸ್ ಜಾಯಿಂಟ್ ಇರುವ ಶಾಫ್ಟ್ ಆದರೆ ಪಿನಿಯನ್ ಹೆಚ್ಚುಕಡಿಮೆ ನೇರವಾಗಿ ಟ್ರಾನ್ಸ್‌ಫರ್ ಕೇಸ್ ಕಡೆಗೇ ನೋಡಬೇಕು. ಸ್ಪ್ರಿಂಗ್ ಪ್ಯಾಡ್ ಟ್ಯಾಕ್ ಮಾಡಿ. ಒಂದು ಪ್ಯಾಡ್ ಡಿಫರೆನ್ಷಿಯಲ್ ಎರಕದ ಮೇಲೆಯೇ ಬರುವುದು ಮಾಮೂಲು. ಹಾಗೆ ಬಂದರೆ ಎರಕದ ಆಕಾರಕ್ಕೆ ಹೊಂದುವ ಪ್ಯಾಡ್ ಮಾಡಿಸಬೇಕಾಗುತ್ತದೆ.

5. ಈಗ ‘ಸಿ’ ತಿರುಗಿಸಿ ಕ್ಯಾಸ್ಟರ್ ಕೂರಿಸಿ. ಮೇಲಿನ ತುದಿ ಗಾಡಿಯ ಹಿಂದಕ್ಕೆ ವಾಲಿರಬೇಕು. ಇಂಥ ಗಾಡಿಗಳಿಗೆ ಸಾಮಾನ್ಯವಾಗಿ 3ರಿಂದ 6 ಡಿಗ್ರಿ ಇಡುತ್ತಾರೆ. ದೊಡ್ಡ ಟೈರ್ ಇದ್ದರೆ ಜಾಸ್ತಿ ಕಡೆಗೆ ಇಡುವುದು ನನ್ನ ಅಭ್ಯಾಸ. ಎಡ ಬಲದ ವ್ಯತ್ಯಾಸ ಅರ್ಧ ಡಿಗ್ರಿ ದಾಟಬಾರದು. ನಾಲ್ಕು ಕಡೆ ಟ್ಯಾಕ್ ಹಾಕಿ, ಆಕ್ಸಲ್ ಕೆಳಗಿಳಿಸಿ.

## ಹಂತ 7: ವೆಲ್ಡಿಂಗ್

ಮೊದಲು ಸ್ಪ್ರಿಂಗ್ ಪ್ಯಾಡ್, ಬ್ರಾಕೆಟ್. ‘ಸಿ’ ಕೊನೆಗೆ. ಕಾರಣ ಇದೆ. ಬಿಸಿಲಿಗೆ ಹಾಕಿದ ಹಪ್ಪಳದ ಹಾಗೆ ಟ್ಯೂಬ್ ವೆಲ್ಡ್ ಬಿದ್ದ ಕಡೆಗೆ ಮುದುಡುತ್ತದೆ. ಮೇಲ್ಭಾಗದಲ್ಲಿ ಪ್ಯಾಡ್ ವೆಲ್ಡ್ ಮಾಡಿದರೆ ಟ್ಯೂಬಿನ ತುದಿಗಳು ಮೇಲಕ್ಕೆ ಏಳುತ್ತವೆ, ಚಕ್ರದ ತಲೆ ಒಳಕ್ಕೆ ವಾಲುತ್ತದೆ. ಆ ಬಾಗು ತೆಗೆದ ಮೇಲೆಯೇ ‘ಸಿ’ ಮುಟ್ಟಬೇಕು. ಬಾಗು ತೆಗೆಯುವುದು ಎದುರು ಭಾಗಕ್ಕೆ ಶಾಖ ಕೊಟ್ಟು ತಣಿಯಲು ಬಿಟ್ಟು. ಅಳೆದು, ಮತ್ತೆ ಸ್ವಲ್ಪ ಶಾಖ, ಮತ್ತೆ ಅಳತೆ.

‘ಸಿ’ ವೆಲ್ಡ್ ಮಾಡುವಾಗ ಅಲೈನ್‌ಮೆಂಟ್ ಬಾರ್ ಒಳಗೇ ಇರಲಿ. 25ರಿಂದ 30 ಮಿ.ಮೀ ಉದ್ದದ ತುಂಡು ವೆಲ್ಡ್ ಹಾಕಿ, ನೇರ ಎದುರಿನ ಜಾಗಕ್ಕೆ ಹೋಗಿ, ಅಲ್ಲಿಂದ ಇನ್ನೊಂದು ತುದಿಯ ‘ಸಿ’ಗೆ ಹೋಗಿ. ಒಂದೇ ಸಮ ಸುತ್ತು ಹಾಕಿ ಮುಗಿಸುವ ವೆಲ್ಡರನ್ನು ಅಲ್ಲೇ ನಿಲ್ಲಿಸಿ. ಆಗಾಗ ಬಾರ್ ಕೈಯಲ್ಲಿ ತಿರುಗಿಸಿ ನೋಡಿ. ಬಿಗಿಯಾಯಿತು ಅಂದರೆ ಟ್ಯೂಬ್ ಎಳೆಯುತ್ತಿದೆ, ಬಿಗಿಯಾದ ಕಡೆಯ ಎದುರಿಗೆ ಮುಂದಿನ ತುಂಡು ಹಾಕಿ.

ದಪ್ಪ ಫೋರ್ಜಿಂಗ್‌ಗಳನ್ನು 150ರಿಂದ 200 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿ ಮಾಡಿಕೊಂಡು ವೆಲ್ಡ್ ಮಾಡಬೇಕು. ರಾಡ್ ಆದರೆ 7018, ಅದೂ ಒವನ್‌ನಲ್ಲಿ ಒಣಗಿಸಿದ್ದು. ಮಳೆಗಾಲದಲ್ಲಿ ಪ್ಯಾಕೆಟ್ ತೆರೆದಿಟ್ಟ ರಾಡ್ ತೇವ ಕುಡಿದಿರುತ್ತದೆ, ವೆಲ್ಡ್ ಒಳಗೊಳಗೇ ಬಿರುಕು ಬಿಡುತ್ತದೆ. ಡಿಫರೆನ್ಷಿಯಲ್ ಎರಕಕ್ಕೆ ಟ್ಯೂಬ್ ವೆಲ್ಡ್ ಮಾಡಬೇಕಾದರೆ ಅದು ಎರಕದ ಕಬ್ಬಿಣವಾ, ಎರಕದ ಸ್ಟೀಲಾ ಅಂತ ಮೊದಲು ತಿಳಿದುಕೊಳ್ಳಿ. ಕಬ್ಬಿಣವಾದರೆ ನಿಕ್ಕಲ್ ರಾಡ್ ಬೇಕು. ಮುಗಿದ ಮೇಲೆ ಗ್ಲಾಸ್ ವೂಲ್ ಸುತ್ತಿ ನಿಧಾನಕ್ಕೆ ತಣಿಯಲು ಬಿಡಿ. ನೀರು ಹಾಕುವ ಆತುರ ಬೇಡ.

ತಣಿದ ಮೇಲೆ ಹೊಸ ವೆಲ್ಡ್‌ಗಳ ಹೊರಗೆ ಚಾಕ್‌ಪೀಸ್ ಪುಡಿ ಹಚ್ಚಿ, ಒಳಗೆ ಸೀಮೆಎಣ್ಣೆ ಸುರಿದು ಬಿಡಿ. ಎಲ್ಲಾದರೂ ಸೂಜಿಮೊನೆಯಷ್ಟು ತೂತಿದ್ದರೂ ಬಿಳಿ ಚಾಕ್ ಮೇಲೆ ಒದ್ದೆ ಚುಕ್ಕೆ ಹರಡುತ್ತದೆ. ಚುಕ್ಕೆ ಬಂದರೆ ಸೀಮೆಎಣ್ಣೆಯನ್ನು ಪೂರ್ತಿ ತೊಳೆದು ಒಣಗಿಸಿಯೇ ಮತ್ತೆ ವೆಲ್ಡ್ ಮಾಡಿ.

## ಹಂತ 8: ಜೋಡಣೆ ಮತ್ತು ಸ್ಟೀರಿಂಗ್

ಡಿಫರೆನ್ಷಿಯಲ್ ಹಳೆಯ ಶಿಮ್‌ಗಳ ಜೊತೆ ಕೂರಿಸಿ, ಡಯಲ್ ಗೇಜ್ ಇಟ್ಟು ಬ್ಯಾಕ್‌ಲ್ಯಾಶ್ (ಗೇರ್ ಹಲ್ಲುಗಳ ನಡುವಿನ ಸಡಿಲ) ನೋಡಿ. ನಿಮ್ಮ ಆಕ್ಸಲ್‌ನ ಮ್ಯಾನುಯಲ್ ಹೇಳಿದ್ದೇ ಅಂತಿಮ.

ಶಾಫ್ಟ್ ತೂರಿಸುವ ಮುಂಚೆ ಅದರ ತುದಿಗೆ ಗೋಲಿಯಷ್ಟು ಆಟದ ಕ್ಲೇ ಅಂಟಿಸಿ. ಹಬ್ ಬಿಗಿ ಮಾಡಿ, ಬಿಚ್ಚಿ, ಕ್ಲೇ ಎಷ್ಟು ಚಪ್ಪಟೆಯಾಗಿದೆ ನೋಡಿ. ಡಿಫರೆನ್ಷಿಯಲ್ ಮಧ್ಯದ ಕ್ರಾಸ್ ಪಿನ್‌ಗೆ ಶಾಫ್ಟ್ ತಾಗಬಾರದು, ಆದರೆ ಸೈಡ್ ಗೇರಿನ ಪೂರ್ತಿ ಹಲ್ಲನ್ನು ಹಿಡಿದಿರಬೇಕು. ಶಾಫ್ಟ್ ಕೈಯಲ್ಲೇ ಒಳಗೆ ಜಾರಬೇಕು. ಸುತ್ತಿಗೆ ಬೇಕಾಯಿತು ಅಂದರೆ ಟ್ಯೂಬ್ ನೆಟ್ಟಗಿಲ್ಲ. ಮತ್ತೆ ಬಾರ್ ಹಾಕಿ ನೋಡಿ.

ಟೈ ರಾಡ್ (ಎರಡೂ ಚಕ್ರ ಜೋಡಿಸುವುದು), ಡ್ರ್ಯಾಗ್ ಲಿಂಕ್ (ಸ್ಟೀರಿಂಗ್ ಬಾಕ್ಸಿನಿಂದ ಚಕ್ರಕ್ಕೆ ಬರುವುದು) ಎರಡೂ ಹೊಸ ಉದ್ದಕ್ಕೆ ಬೇಕು. ಹಳೆಯದನ್ನು ಕತ್ತರಿಸಿ ವೆಲ್ಡ್ ಮಾಡಬೇಡಿ, ದಪ್ಪ ಸೀಮ್‌ಲೆಸ್ ಟ್ಯೂಬಿಗೆ ಒಂದು ತುದಿ ಎಡ ಥ್ರೆಡ್, ಒಂದು ತುದಿ ಬಲ ಥ್ರೆಡ್ ಹೊಡೆಸಿ ಹೊಸದು ಮಾಡಿಸಿ. ಕಾಯಿಲ್ ಸ್ಪ್ರಿಂಗ್ ಹಾಕಿದವರು ಪ್ಯಾನ್‌ಹಾರ್ಡ್ ರಾಡ್ (ಆಕ್ಸಲ್ ಅಕ್ಕಪಕ್ಕ ಸರಿಯದಂತೆ ಚಾಸಿಗೆ ಹಿಡಿಯುವ ಅಡ್ಡ ರಾಡ್) ಮತ್ತು ಡ್ರ್ಯಾಗ್ ಲಿಂಕ್ ಒಂದಕ್ಕೊಂದು ಸಮಾನಾಂತರವಾಗಿ, ಹತ್ತಿರ ಹತ್ತಿರ ಒಂದೇ ಉದ್ದ ಇರುವ ಹಾಗೆ ನೋಡಿಕೊಳ್ಳಿ. ಇಲ್ಲದಿದ್ದರೆ ಹಂಪ್ ಹತ್ತಿದಾಗಲೆಲ್ಲ ಸ್ಟೀರಿಂಗ್ ತಾನೇ ತಿರುಗುತ್ತದೆ. ಆಕ್ಸಲ್ ಪೂರ್ತಿ ಕೆಳಗೆ ನೇತಾಡುವಾಗ, ಎರಡೂ ಕಡೆ ಸ್ಟೀರಿಂಗ್ ತಿರುಗಿಸಿ ಬ್ರೇಕ್ ಹೋಸ್ ಎಳೆಯುತ್ತದಾ ನೋಡಿ.

## ಓಡಿಸಿದ ಮೇಲೆ ಇವು ಕಂಡರೆ ನಿಲ್ಲಿಸಿ

ಮೊದಲು ಖಾಲಿ ಜಾಗದಲ್ಲಿ, ನಿಧಾನಕ್ಕೆ ಓಡಿಸಿ.

ತಿರುಗಿಸಿದ ಸ್ಟೀರಿಂಗ್ ತಾನಾಗಿ ವಾಪಸ್ ಬರದಿದ್ದರೆ, ನೇರ ಹೋಗುವಾಗ ಗಾಡಿ ಅಲೆದಾಡಿದರೆ, ಕ್ಯಾಸ್ಟರ್ ಕಡಿಮೆ ಆಗಿದೆ. ಲೀಫ್ ಸ್ಪ್ರಿಂಗ್ ಆದರೆ ಓರೆ ಶಿಮ್ ಕೊಟ್ಟು ಒಂದೆರಡು ಡಿಗ್ರಿ ಸರಿ ಮಾಡಬಹುದು, ಆದರೆ ಅಷ್ಟೇ ಡಿಗ್ರಿ ಪಿನಿಯನ್ ಕೆಳಗೆ ಹೋಗುತ್ತದೆ ಅನ್ನುವುದು ನೆನಪಿರಲಿ.

ಒಂದು ಗುಂಡಿಗೆ ಬಿದ್ದ ತಕ್ಷಣ ಎರಡೂ ಮುಂದಿನ ಚಕ್ರ ಹುಚ್ಚು ಹಿಡಿದ ಹಾಗೆ ಅದುರಿದರೆ ಬ್ರೇಕ್ ಒತ್ತಿ ನಿಲ್ಲಿಸಿ, ಮುಂದೆ ಓಡಿಸಬೇಡಿ. ಪ್ಯಾನ್‌ಹಾರ್ಡ್ ರಾಡ್ ಬೋಲ್ಟ್, ಕಿಂಗ್‌ಪಿನ್ (ನಕಲ್ ತಿರುಗುವ ಪಿನ್) ಬಿಗಿ, ಟೈ ರಾಡ್ ತುದಿ, ಟೈರ್ ಬ್ಯಾಲೆನ್ಸ್, ಕ್ಯಾಸ್ಟರ್, ಈ ಸಾಲಿನಲ್ಲಿ ಹುಡುಕಿ. ಸ್ಟೀರಿಂಗ್ ಡ್ಯಾಂಪರ್ ಹಾಕಿದರೆ ಅದುರುವುದು ಮುಚ್ಚಿಹೋಗುತ್ತದೆ, ಕಾರಣ ಹಾಗೇ ಉಳಿಯುತ್ತದೆ.

ಒಂದೇ ಕಡೆಯ ಆಯಿಲ್ ಸೀಲ್ ಮತ್ತೆ ಮತ್ತೆ ಸೋರಿದರೆ ಸೀಲ್ ಬದಲಿಸಿ ಪ್ರಯೋಜನ ಇಲ್ಲ, ಟ್ಯೂಬ್ ಬಾಗಿದೆ. ಶಾಫ್ಟ್ ತೆಗೆದು ನೋಡಿ, ಸೀಲ್ ಕೂರುವ ಜಾಗದಲ್ಲಿ ಒಂದು ಬದಿ ಮಾತ್ರ ಉಜ್ಜಿ ಹೊಳೆಯುತ್ತಿರುತ್ತದೆ. ಟೈರಿನ ಒಳ ಅಂಚು ಮಾತ್ರ ಸವೆದರೂ ಅದೇ ಕಥೆ, ಪ್ಯಾಡ್ ವೆಲ್ಡ್ ಎಳೆದದ್ದು ಉಳಿದುಕೊಂಡಿದೆ.

ಯು-ಬೋಲ್ಟ್‌ಗಳನ್ನು ಮೊದಲ 50 ಕಿ.ಮೀ ಒಳಗೆ ಒಮ್ಮೆ, ಮೊದಲ ಸಲ ಗುಡ್ಡ ಹತ್ತಿಸಿ ಬಂದ ಮೇಲೆ ಇನ್ನೊಮ್ಮೆ ಟಾರ್ಕ್ ರೆಂಚ್‌ನಲ್ಲಿ ಬಿಗಿ ಮಾಡಿ. ಅದೇ ಸಮಯಕ್ಕೆ ‘ಸಿ’ ವೆಲ್ಡ್‌ನ ಸುತ್ತ ಮಣ್ಣು ಒರೆಸಿ, ಬಣ್ಣದಲ್ಲಿ ಗೆರೆ ಬಿಟ್ಟಿದೆಯಾ ಅಂತ ಟಾರ್ಚ್ ಹಿಡಿದು ನೋಡಿ. ಬಿಟ್ಟಿದ್ದರೆ ಬಣ್ಣ ಕೆರೆದು ಡೈ ಪೆನೆಟ್ರಂಟ್ ಸ್ಪ್ರೇ ಹೊಡೆದು ಖಚಿತ ಮಾಡಿಕೊಳ್ಳುವವರೆಗೂ ಗಾಡಿ ಸ್ಟ್ಯಾಂಡ್ ಮೇಲೇ ಇರಲಿ.